ತಂಡೇಲ ತಾತನ ಪುಸ್ತಕದ ಕೊನೆಯ ಪುಟ

ತಂಡೇಲ ತಾತನ ಪುಸ್ತಕವನ್ನು ಕದ್ದವಳು ನಾನು. ಆಗ ಎಂ.ಎ. ಎರಡನೇ ವರ್ಷದಲ್ಲಿದ್ದ ಸುಜಾತ. ಈಗ ಡಿಗ್ರಿ ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವ ಸುಜಾತ ಮೇಡಂ. ಕದ್ದದ್ದು ಒಂದು. ಆ ಕಳವನ್ನು ಗೋವಿಂದಣ್ಣನ ತಲೆಗೆ ಕಟ್ಟಿದ್ದು ಇನ್ನೊಂದು. ಇಪ್ಪತ್ತೆರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ — ಗಂಡನಿಗೂ ಇಲ್ಲ, ಸಾಯುವ ಮುಂಚೆ ನನ್ನ ಕೈ ಹಿಡಿದುಕೊಂಡಿದ್ದ ಅಮ್ಮನಿಗೂ ಇಲ್ಲ.

ರಾಜಾಜಿನಗರದ ಕಾರ್ಖಾನೆಗಳ ಹಿಂದೆ ನಮ್ಮದೊಂದು ವಠಾರ. ಎದುರುಬದುರು ಎಂಟು ಮನೆ, ನಡುವೆ ಉದ್ದಕ್ಕೆ ಅಂಗಳ, ಕೊನೆಯಲ್ಲಿ ಒಂದೇ ನಲ್ಲಿ. ಅಮ್ಮ ಊದುಬತ್ತಿ ಹೊಸೆಯುತ್ತಿದ್ದರು, ಅಪ್ಪ ಸ್ಟೀಲ್ ಪಾತ್ರೆಗೆ ಪಾಲಿಷ್ ಹಾಕುತ್ತಿದ್ದರು. ಇಬ್ಬರಿಗೂ ಸಹಿ ಬಿಟ್ಟರೆ ಬೇರೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಉಗುರಿನ ಸಂದಿಯಲ್ಲಿ ಊದುಬತ್ತಿಯ ಕರಿ ಹಿಟ್ಟು ಇಟ್ಟುಕೊಂಡೇ ಪರೀಕ್ಷೆ ಬರೆದವಳು ನಾನು. ಆ ಹೆಮ್ಮೆಯನ್ನು ಇವತ್ತಿಗೂ ಬಿಟ್ಟುಕೊಡಲಾರೆ, ಈ ಬರಹದಲ್ಲೂ ಬಿಟ್ಟುಕೊಡುವುದಿಲ್ಲ. ವಠಾರದವರ ರೇಷನ್ ಕಾರ್ಡು, ಆಸ್ಪತ್ರೆ ಚೀಟಿ, ಮಗುವನ್ನು ಶಾಲೆಗೆ ಸೇರಿಸುವ ಅರ್ಜಿ, ಎಲ್ಲಾ ನನ್ನ ಹತ್ತಿರವೇ ಬರುತ್ತಿತ್ತು. ಏನಾದರೂ ಜಗಳ ಬಂದರೆ, ಸುಜಾತ ಏನಂತಾಳೆ ಕೇಳಿ, ಓದಿರೋ ಹುಡುಗಿ, ಅನ್ನುತ್ತಿದ್ದರು.

ಎದುರು ಮನೆಯಲ್ಲಿ ಗೋವಿಂದಣ್ಣ ಮತ್ತು ಯಶೋದಕ್ಕ. ಗೋವಿಂದಣ್ಣ ಟರ್ನರ್, ಲೇತ್ ಮೆಷಿನ್ನಿನ ಮುಂದೆ ಹದಿನೆಂಟು ವರ್ಷ ನಿಂತವರು. ಯಶೋದಕ್ಕ ಉತ್ತರ ಕನ್ನಡದ ಕರಾವಳಿಯ ಮಗಳು. ಅವರ ಅಪ್ಪನೇ ತಂಡೇಲ ತಾತ. ಹಾಯಿ ಹಡಗಿನ ಯಜಮಾನನಿಗೆ ಆ ಕಡೆ ತಂಡೇಲ ಅನ್ನುತ್ತಾರೆ. ಪತ್ತೇಮಾರಿ ಎಂಬ ದೊಡ್ಡ ಹಾಯಿ ಹಡಗಿನಲ್ಲಿ ಹೆಂಚು, ಉಪ್ಪು, ಮರ ತುಂಬಿಕೊಂಡು ಮುಂಬಯಿಯ ತನಕ, ಅದರಾಚೆಗೂ ಹೋಗಿಬಂದವರು. ಲಾರಿಗಳು ಬಂದವು, ಹಡಗು ದಡದಲ್ಲೇ ಕೊಳೆಯಿತು, ಹೆಂಡತಿ ತೀರಿಕೊಂಡರು. ತಾತ ಒಂದು ಟ್ರಂಕು ಹಿಡಿದುಕೊಂಡು ಮಗಳ ಮನೆಗೆ ಬಂದರು. ಟ್ರಂಕಿನಲ್ಲಿ ಎರಡು ಪಂಚೆ, ಒಂದು ದಿಕ್ಸೂಚಿ, ಮತ್ತು ಆ ಪುಸ್ತಕ.

ಉದ್ದನೆಯ ಪುಸ್ತಕ, ಹಾಯಿಬಟ್ಟೆಯ ಹೊದಿಕೆ. ತಾತನ ಮುತ್ತಜ್ಜನ ಕಾಲದಿಂದ ಬಂದದ್ದು. ಯಾವ ಗುಡ್ಡ ಯಾವ ಕೋನದಲ್ಲಿ ಕಂಡರೆ ಬಂದರು ಎಷ್ಟು ದೂರ, ಯಾವ ತಿಂಗಳಲ್ಲಿ ಯಾವ ನಕ್ಷತ್ರ ಹಿಡಿಯಬೇಕು, ಎಲ್ಲಿ ಎಷ್ಟು ಮಾರು ಆಳ, ತಳದಲ್ಲಿ ಕೆಸರೋ ಮರಳೋ ಚಿಪ್ಪೋ. ಸೀಸದ ಗುಂಡಿನ ಅಡಿಗೆ ಕೊಬ್ಬು ಮೆತ್ತಿ ಹಗ್ಗದಲ್ಲಿ ಇಳಿಬಿಟ್ಟರೆ ತಳದ ಮಣ್ಣು ಅಂಟಿಕೊಂಡು ಬರುತ್ತದೆ, ಅದನ್ನು ಬೆರಳಲ್ಲಿ ಉಜ್ಜಿ ನೋಡಿ ಎಲ್ಲಿದ್ದೇವೆ ಅಂತ ಹೇಳಬಹುದು ಎಂದು ತಾತ ನನಗೆ ತೋರಿಸಿದ್ದರು — ನಮ್ಮ ಅಂಗಳದಲ್ಲಿ, ದಾರಕ್ಕೆ ಕಟ್ಟಿದ ಕಲ್ಲು, ಅದಕ್ಕೆ ಮೆತ್ತಿದ ಊದುಬತ್ತಿ ಹಿಟ್ಟು. ನನ್ನ ಪ್ರಬಂಧಕ್ಕೆ ವಿಷಯ ಸಿಕ್ಕಿತ್ತು. ಆರು ತಿಂಗಳು ಅವರ ಕಾಲ ಬುಡದಲ್ಲಿ ಕೂತು ಬರೆದುಕೊಂಡೆ.

ಪುಸ್ತಕವನ್ನು ಮಾತ್ರ ಹೊರಗೆ ಬಿಡುತ್ತಿರಲಿಲ್ಲ. ಅದಕ್ಕೊಂದು ಕಟ್ಟಳೆ ಇತ್ತು. ಒಬ್ಬ ತಂಡೇಲ ತನ್ನ ನಂತರದವನ ಹೆಸರನ್ನು ಕೊನೆಯ ಪುಟದಲ್ಲಿ ಬರೆದಿಡುತ್ತಾನೆ. ಆ ಹೆಸರಿನವನ ಕೈಗೆ ಹೋಗುವ ತನಕ ಪುಸ್ತಕ ಮನೆಯ ಹೊಸಿಲು ದಾಟಬಾರದು. "ಇದು ಮನೆ ಬಿಡೂದಿಲ್ಲ, ತಂಗಿ," ಅಂದಿದ್ದರು. ನಾನು ಆ ಕಟ್ಟಳೆಯನ್ನೂ ಪ್ರಬಂಧದಲ್ಲಿ ಬರೆದೆ. ಕೆಳಗೆ ಒಂದು ವಾಕ್ಯ ಸೇರಿಸಿದೆ — ಈ ತಂಡೇಲರಿಗೆ ಗಂಡುಮಕ್ಕಳಿಲ್ಲದ ಕಾರಣ ಪರಂಪರೆ ಇಲ್ಲಿಗೆ ನಿಂತಿತು. ಬರೆಯುವ ಮುಂಚೆ ಅವರನ್ನೇ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ.

ನನ್ನ ಪ್ರಾಧ್ಯಾಪಕರು ಮೂಲ ಪುಸ್ತಕ ನೋಡಲೇಬೇಕು ಅಂದರು. ಮುದುಕರು ಹೇಳಿದ್ದನ್ನು ಬರೆದುಕೊಂಡು ಬಂದರೆ ಸಂಶೋಧನೆ ಆಗುವುದಿಲ್ಲವಂತೆ. ಆಯುಧಪೂಜೆಗೆ ಎರಡು ದಿನ ಇತ್ತು. ಕಾರ್ಖಾನೆ ಕೆಲಸದವರ ವಠಾರದಲ್ಲಿ ಆ ಹಬ್ಬ ಹೇಗಿರುತ್ತದೆ ಅಂದರೆ — ಮನೆಯೊಳಗಿನ ಸಾಮಾನೆಲ್ಲ ಅಂಗಳಕ್ಕೆ ಬರುತ್ತದೆ, ತೊಳೆಯುವುದೇನು, ಉಜ್ಜುವುದೇನು, ಬೇಡದ್ದು ಗುಜರಿಯವನ ಗಾಡಿಗೆ. ತಾತನ ಟ್ರಂಕು ಮಾತ್ರ ಹೊಸಿಲಿನ ಒಳಗೇ ಬಾಯಿ ತೆರೆದಿತ್ತು. ತಾತ ನಲ್ಲಿಯ ಹತ್ತಿರ ದಿಕ್ಸೂಚಿ ಉಜ್ಜುತ್ತಾ ಕೂತಿದ್ದರು. ನಾನು ಪುಸ್ತಕವನ್ನು ದುಪಟ್ಟಾದ ಅಡಿಗಿಟ್ಟುಕೊಂಡು ಹೋಗಿ ಬ್ಯಾಗಿಗೆ ಹಾಕಿದೆ. ಅಷ್ಟೇ. ನಾಳೆ ಜೆರಾಕ್ಸ್ ಮಾಡಿಸಿ ವಾಪಸು ಇಟ್ಟುಬಿಡುವುದು, ತಾತನಿಗೆ ತಿಳಿಯುವುದೇ ಇಲ್ಲ — ಹಾಗಂತ ಅಂದುಕೊಂಡಿದ್ದೆ.

ಮಾರನೇ ದಿನ ಪ್ರಾಧ್ಯಾಪಕರು ಪುಟ ತಿರುವಿ ತಿರುವಿ ನೋಡಿ, ಇರಲಿ ಬಿಡಮ್ಮ, ನಿಧಾನವಾಗಿ ಓದುತ್ತೇನೆ ಎಂದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಹಬ್ಬಕ್ಕೆ ಊರಿಗೂ ಹೋಗಿಬಿಟ್ಟರು. ಬೇಡ ಸಾರ್, ಇವತ್ತೇ ಬೇಕು ಅನ್ನುವ ಎರಡು ಮಾತು ನನ್ನ ಬಾಯಿಂದ ಬರಲಿಲ್ಲ. ಅವರ ಎದುರು ನನಗೆ ಯಾವತ್ತೂ ಬಾಯಿ ಬರುತ್ತಿರಲಿಲ್ಲ.

ಆಯುಧಪೂಜೆಯ ಬೆಳಿಗ್ಗೆ. ಎದುರು ಮನೆಯ ಹಜಾರದಲ್ಲಿ ಮಣೆಯ ಮೇಲೆ ಬಿಳಿ ಬಟ್ಟೆ. ಅದರ ಮೇಲೆ ಗೋವಿಂದಣ್ಣನ ಮೈಕ್ರೋಮೀಟರು, ಸ್ಪ್ಯಾನರುಗಳು, ಯಶೋದಕ್ಕನ ಈಳಿಗೆಮಣೆ, ಹೊಲಿಗೆ ಮೆಷಿನ್ನಿನ ಸೂಜಿಡಬ್ಬಿ, ತಾತನ ದಿಕ್ಸೂಚಿ. ದಿಕ್ಸೂಚಿಯ ಪಕ್ಕದಲ್ಲಿ ಖಾಲಿ. ಪ್ರತಿವರ್ಷ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚುವುದು ತಾತನೇ. ಟ್ರಂಕು ಎರಡು ಸಲ ಬಗ್ಗಿಸಿ ನೋಡಿದರು. ಅಟ್ಟ ನೋಡಿದರು. ಆಮೇಲೆ ಯಶೋದಕ್ಕ ಗಂಡನ ಕಡೆ ತಿರುಗಿ, ಮೊನ್ನೆ ಹಳೇ ಪೇಪರ್ ಕಟ್ಟಿ ಹಾಕಿದ್ರಲ್ಲ ರೀ, ಅಂದರು. ಗೋವಿಂದಣ್ಣ, ಬರೀ ಪೇಪರ್ ಕಣೇ, ನಾನೇ ಕಟ್ಟಿದ್ದು, ಅಂದರು. ಆದರೆ ಅವರ ಮುಖದಲ್ಲಿ ಒಂದು ಅನುಮಾನ ಹಾದುಹೋಯಿತು. ಎಲ್ಲರಿಗೂ ಕಂಡಿತು.

ಆಗ ಯಶೋದಕ್ಕ ನನ್ನನ್ನು ಕೇಳಿದರು. "ಸುಜಾತ, ಗುಜರಿಯವ್ನು ಬಂದಾಗ ನೀನು ಅಂಗಳದಲ್ಲೇ ಇದ್ದೆ. ನೀನು ನೋಡಿದ್ಯೇನೇ?"

ನೋಡಿಲ್ಲ ಅಂದಿದ್ದರೂ ಸಾಕಿತ್ತು. ಸುಮ್ಮನಿದ್ದಿದ್ದರೂ — ನಾನು ಹೇಳಿದ್ದು ಇದು: "ಪೇಪರ್ ಕಟ್ಟಿನೊಳಗೆ ಬಟ್ಟೆ ಹೊದಿಸಿರೋ ಥರದ್ದೇನೋ ಇತ್ತಕ್ಕ."

ಗೋವಿಂದಣ್ಣ ನನ್ನ ಕಡೆ ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ. ನನ್ನ ಮಾತನ್ನು ಸುಳ್ಳು ಅಂದುಕೊಳ್ಳುವುದು ಅವರಿಗೆ ಹೊಳೆಯಲೇ ಇಲ್ಲ. ತಾತ ಮಂಗಳಾರತಿ ಮಾಡಿ ಮುಗಿಸಿದರು. ಅಳಿಯನಿಗೆ ಆರತಿ ಕೊಡಲಿಲ್ಲ.

ಆಮೇಲೆ ತಾತ ಬದುಕಿದ್ದ ಮೂರು ವರ್ಷ ಅಳಿಯನ ಜೊತೆ ಒಂದು ಮಾತಾಡಲಿಲ್ಲ. ಗೋವಿಂದಣ್ಣ ಒಳಗೆ ಬಂದರೆ ಇವರು ಎದ್ದು ಅಂಗಳಕ್ಕೆ ಬರುತ್ತಿದ್ದರು. ಒಂದು ಪುಸ್ತಕಕ್ಕೆ ಇಷ್ಟೊಂದಾ ಎಂದು ವಠಾರದವರು ಬೆರಗಾದರು. ಮುದುಕನಿಗೆ ಅರಳುಮರಳು ಅಂದರು. ನಾನೂ ಹಾಗೇ ಅಂದುಕೊಂಡು ಸಮಾಧಾನ ಮಾಡಿಕೊಂಡೆ. ಗೋವಿಂದಣ್ಣ ವಾರದ ರಜೆ ಬಂದರೆ ಸೈಕಲ್ ಹತ್ತಿ ಹೆಗ್ಗನಹಳ್ಳಿ, ಸುಂಕದಕಟ್ಟೆ, ಮಾಗಡಿ ರೋಡಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತುತ್ತಿದ್ದರು. ಪೇಪರ್ ರಾಶಿಯೊಳಗೆ ಕೈ ಹಾಕಿ ಹಾಕಿ ಉಗುರು ಕಿತ್ತುಕೊಂಡು ಬರುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ.

ಹಬ್ಬ ಮುಗಿದ ಮೇಲೆ ಪ್ರಾಧ್ಯಾಪಕರು ಪುಸ್ತಕ ವಾಪಸು ಕೊಟ್ಟಿದ್ದರು. ಹನ್ನೊಂದು ದಿನ ಅದು ನನ್ನ ಬ್ಯಾಗಿನಲ್ಲಿತ್ತು. ಎದುರು ಮನೆಯ ಅಟ್ಟದ ಮೂಲೆಯಲ್ಲಿ ತುರುಕಿ, "ಇಲ್ಲೇ ಇದೆಯಲ್ಲಕ್ಕ" ಅಂದಿದ್ದರೆ ಮುಗಿಯುತ್ತಿತ್ತು. ಸುಳ್ಳಿನ ಮೇಲೆ ಇನ್ನೊಂದು ಸುಳ್ಳು, ಆದರೂ ಒಬ್ಬ ಮನುಷ್ಯ ಉಳಿದುಕೊಳ್ಳುತ್ತಿದ್ದ. ಆದರೆ ಆ ಹನ್ನೊಂದು ದಿನದ ಕೊನೆಗೆ ಒಂದು ವಿಚಾರಸಂಕಿರಣ ಇತ್ತು. ಪಶ್ಚಿಮ ಕರಾವಳಿಯ ಒಂದು ದ್ವೀಪದಲ್ಲಿ ಹಡಗುಗಳ ಮ್ಯೂಸಿಯಂ ಕಟ್ಟುತ್ತಿದ್ದ ಅತಿಥಿಯೊಬ್ಬರು ಬಂದಿದ್ದರು. ಪುಸ್ತಕವನ್ನು ಒಂದೊಂದೇ ಪುಟ ತಿರುವಿ ನೋಡಿದರು. ಇಂಥದ್ದನ್ನು ಕಾಪಾಡಬೇಕಮ್ಮ, ನಮಗೆ ಕೊಡಿ, ಅಂದರು. ನಾನು ಫಾರಂ ತುಂಬಿದೆ. ಫಾರಂ ತುಂಬುವುದು ನನಗೆ ಚೆನ್ನಾಗಿ ಬರುತ್ತಿತ್ತಲ್ಲ. ವಸ್ತುವಿನ ಒಡೆತನ ಎಂಬ ಜಾಗದಲ್ಲಿ 'ನಮ್ಮ ಕುಟುಂಬದ್ದು' ಎಂದು ಬರೆದು ಸಹಿ ಹಾಕಿದೆ. ಆ ಅತಿಥಿ ಬರೆದುಕೊಟ್ಟ ಶಿಫಾರಸು ಪತ್ರದಿಂದ ನನಗೆ ಮೊದಲ ಕೆಲಸ ಸಿಕ್ಕಿತು.

ಇದೆಲ್ಲ ಹೀಗೇ ಮಣ್ಣಾಗುತ್ತಿತ್ತೇನೋ. ಹೋದ ಡಿಸೆಂಬರಿನಲ್ಲಿ ನಾನು ಆ ದ್ವೀಪಕ್ಕೆ ಹೋದೆ.

ಯಾವುದೋ ಸಮ್ಮೇಳನಕ್ಕೆಂದು ಆ ಕಡೆ ಹೋಗಿದ್ದು, ಜೊತೆಗೆ ನನ್ನ ಸಹೋದ್ಯೋಗಿ ಪ್ರಭಾ. ಒಂದು ದಿನ ಉಳಿದಿತ್ತು. ದ್ವೀಪ ನೋಡೋಣ ಎಂದು ಹೇಳಿದ್ದು ನಾನೇ. ಅಲ್ಲಿ ಆ ಪುಸ್ತಕ ಇದೆ ಎನ್ನುವುದನ್ನು ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ. ನನಗೆ ನೋಡಬೇಕಿತ್ತು. ಇನ್ನೂ ನಾಚಿಕೆಯ ಮಾತು — ನನ್ನ ಹೆಸರು ಹಾಕಿದ್ದಾರಾ ಅಂತ ನೋಡಬೇಕಿತ್ತು.

ಸೇತುವೆ ದಾಟಿದರೆ ಪುಟ್ಟ ಬಂದರು ಪಟ್ಟಣ. ಒಂದೇ ದೊಡ್ಡ ಬೀದಿ, ಎರಡೂ ಕಡೆ ಮರದ ಬಾಲ್ಕನಿಯ ಹಳೆಯ ಮನೆಗಳು, ಬಿಸಿಲಿಗೆ ಹರಡಿದ ಬಲೆ, ಎಲ್ಲದಕ್ಕೂ ಒಣಮೀನಿನ ವಾಸನೆ. ಹಡಗು ನಿಲ್ಲುವ ದಕ್ಕೆಯ ಪಕ್ಕದಲ್ಲಿ ಇನ್ನೂ ಒಂದು ಮರದ ಹಡಗು ಕಟ್ಟುತ್ತಿದ್ದರು. ಬಿಚ್ಚಿಟ್ಟ ಪಕ್ಕೆಲುಬುಗಳ ಹಾಗೆ ನಿಂತಿತ್ತು. ಮೊದಲು ದೀಪಸ್ತಂಭದಲ್ಲಿದ್ದ ಚಿಕ್ಕ ಮ್ಯೂಸಿಯಂ ನೋಡಿದೆವು: ಹಿತ್ತಾಳೆಯ ದೊಡ್ಡ ದೀಪ, ಅದರ ಸುತ್ತ ಮಡಿಕೆ ಮಡಿಕೆಯಾದ ಗಾಜು, ಕಾವಲುಗಾರರು ದಿನಾ ಗಾಳಿಯ ದಿಕ್ಕು ಬರೆದಿಟ್ಟ ಪುಸ್ತಕಗಳು. ಆಮೇಲೆ ಹಳೆಯ ಸುಂಕದ ಮನೆಯಲ್ಲಿದ್ದ ದೊಡ್ಡ ಮ್ಯೂಸಿಯಂ. ಅಲ್ಲಿ ಲಂಗರು, ಮರದ ರಾಟೆ, ಗೇಣುದ್ದದ ಪತ್ತೇಮಾರಿಯ ಮಾದರಿ. ಸೀಸದ ಗುಂಡಿನ ಅಡಿಯ ಕುಳಿ ತೋರಿಸಿ, ಇಲ್ಲಿ ಕೊಬ್ಬು ಮೆತ್ತುತ್ತಿದ್ದರು ಎಂದು ಪ್ರಭಾಗೆ ಪಾಠ ಹೇಳಿದೆ. ಪಕ್ಕದಲ್ಲಿದ್ದ ನಾಲ್ಕು ಜನ ಪ್ರವಾಸಿಗರೂ ನಿಂತು ಕೇಳಿದರು. ನನಗೆ ಖುಷಿಯಾಯಿತು.

ಕೊನೆಯ ಕೋಣೆಯಲ್ಲಿ ಅದಿತ್ತು. ಗಾಜಿನ ಪೆಟ್ಟಿಗೆಯೊಳಗೆ ಒಂದೇ ಒಂದು ವಸ್ತು. ಕೆಳಗಿನ ಫಲಕದಲ್ಲಿ ನನ್ನ ಹೆಸರು ಮೊದಲು ಕಂಡಿತು — ಕೊಡುಗೆ, ತಂಡೇಲರ ಮೊಮ್ಮಗಳು, ಎಂದು.

"ಏನ್ರೀ ಸುಜಾತ, ನಿಮ್ಮ ತಾತ ಹಡಗು ನಡೆಸ್ತಿದ್ರಾ? ಇಷ್ಟು ವರ್ಷ ಒಂದು ಮಾತು ಹೇಳಿಲ್ವಲ್ಲ," ಎಂದು ಪ್ರಭಾ ಫೋಟೋ ತೆಗೆಯತೊಡಗಿದಳು.

ನಾನು ಪುಟ ನೋಡುತ್ತಿದ್ದೆ. ತೆರೆದಿಟ್ಟಿದ್ದ ಪುಟವನ್ನು ನಾನು ಯಾವತ್ತೂ ನೋಡಿರಲಿಲ್ಲ. ಹೇಗೆ ಸಾಧ್ಯ — ಆರು ತಿಂಗಳು ಇಂಚಿಂಚೂ ನೋಡಿದ ಪುಸ್ತಕ ಅದು; ಹೆಸರಿನ ಪುಟ ಎಂದೋ ಹರಿದುಹೋಗಿದೆ ಅಂದುಕೊಂಡಿದ್ದೆ. ಮ್ಯೂಸಿಯಂನ ಗೈಡ್ ಹಿಂದಿಯಲ್ಲಿ ವಿವರಿಸಿದ: ವರ್ಷ ವರ್ಷ ಪೂಜೆಗೆ ಹಚ್ಚಿದ ಅರಿಶಿನ ಕುಂಕುಮದ ಪೇಸ್ಟಿಗೆ ಕೊನೆಯ ಪುಟ ರಟ್ಟಿಗೆ ಅಂಟಿಕೊಂಡುಬಿಟ್ಟಿತ್ತು, ನಮ್ಮವರು ಎಷ್ಟೋ ದಿನ ಹಬೆ ಹಿಡಿದು ಬಿಡಿಸಿದರು. ಪುಟದ ಮೇಲುಗಡೆ ಹಳೆಯ ಹೆಸರುಗಳು, ಒಂದೊಂದು ಒಂದೊಂದು ಕೈಬರಹ. ಕಟ್ಟಕಡೆಯದು ತಾತನದು. ಅವರ ಅಕ್ಷರ ನನಗೆ ಗೊತ್ತಿಲ್ಲವೆ — ನೆಟ್ಟಗೆ, ಒಂದಕ್ಕೊಂದು ಮುಟ್ಟದೆ.

'ನನ್ನ ನಂತರ ಈ ಪುಸ್ತಕ ಅಳಿಯ ಗೋವಿಂದನ ಕೈಗೆ. ಅವನಿಗೆ ಹಡಗು ಇಲ್ಲ. ಆದರೆ ಅವನ ಕೈಯಳತೆ ಸುಳ್ಳಾಗುವುದಿಲ್ಲ.'

ಗಾಜಿನ ಮೇಲೆ ಕೈಯಿಟ್ಟಿದ್ದೆನಂತೆ. ಮುಟ್ಟಬೇಡಿ ಎಂದು ಕಾವಲಿನವನು ಎರಡು ಸಲ ಹೇಳಿದನಂತೆ. ಗೈಡ್ ಹೇಳುತ್ತಲೇ ಇದ್ದ — ಈ ಗೋವಿಂದನೇ ಕೊನೆಯ ತಂಡೇಲ, ಹಡಗು ಹೋದ ಮೇಲೆ ಅವನ ಸುದ್ದಿಯಿಲ್ಲ, ಬಹುಶಃ ಸಮುದ್ರದಲ್ಲೇ ಹೋಗಿರಬೇಕು. ಪ್ರವಾಸಿಗರಲ್ಲಿ ಒಬ್ಬ ಅಜ್ಜಿ ಕೈಮುಗಿದರು. ಸಮುದ್ರವನ್ನು ಮಾವನ ಊರಿನ ದಡದಿಂದಷ್ಟೇ ಕಂಡಿದ್ದ, ಲೇತಿನ ಮುಂದೆ ಸವೆದ ಗೋವಿಂದಣ್ಣ ಅಲ್ಲಿ ಸಮುದ್ರದಲ್ಲಿ ಸತ್ತಿದ್ದರು. ನಾನು ಅವರ ಮಾವನ ಮೊಮ್ಮಗಳಾಗಿ ಬದುಕಿದ್ದೆ.

ತಾತನ ಮೌನ ಆಗ ಅರ್ಥವಾಯಿತು. ಒಂದು ಹಳೆಯ ಪುಸ್ತಕ ಹೋಯಿತೆಂದು ಮುನಿಸಿಕೊಂಡದ್ದಲ್ಲ ಅದು. ನಾಲ್ಕು ತಲೆಮಾರಿನ ಹೆಸರುಗಳ ಕೆಳಗೆ ಯಾರ ಹೆಸರು ಬರೆದರೋ, ಅವನೇ ಅದನ್ನು ರದ್ದಿಯ ಜೊತೆ ಕಟ್ಟಿ ಎಸೆದ — ಹಾಗಂತ ನಂಬಿ ಆ ಮುದುಕರು ಸತ್ತರು. ಹೆಸರು ಬರೆದದ್ದನ್ನು ಯಾರಿಗೂ ಹೇಳಿರಲಿಲ್ಲ. ಪರಂಪರೆ ಇಲ್ಲಿಗೆ ನಿಂತಿತು ಎಂಬ ನನ್ನ ವಾಕ್ಯ ನನ್ನ ಪ್ರಬಂಧದಲ್ಲಿ ಈಗಲೂ ಇದೆ. ಅದಕ್ಕೆ ಮೊದಲ ದರ್ಜೆ ಬಂದಿದೆ.

ಬೆಂಗಳೂರು ತಲುಪುವಷ್ಟರಲ್ಲಿ ಪ್ರಭಾ ತೆಗೆದ ಫೋಟೋ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿತ್ತು. ಪ್ರಾಂಶುಪಾಲರು ಸನ್ಮಾನದ ಮಾತೆತ್ತಿದರು, ಶಾಲು ತರಿಸಿಯೂ ಆಯಿತು. ನಾನು ಅವರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದೆ. ಹಳೇದೆಲ್ಲ ಈಗ್ಯಾಕೆ ಮೇಡಂ, ಕಾಲೇಜಿನ ಹೆಸರೂ ಇದೆ, ಅಂದರು. ಮ್ಯೂಸಿಯಂಗೆ ಪತ್ರ ಬರೆದೆ. ಪುಸ್ತಕ ನನ್ನದಲ್ಲ, ಕೊಡುವ ಹಕ್ಕು ನನಗಿರಲಿಲ್ಲ. ತಂಡೇಲರು ನನ್ನ ತಾತನಲ್ಲ. ಗೋವಿಂದ ಎನ್ನುವವರು ಬದುಕಿದ್ದಾರೆ, ಬೆಂಗಳೂರಿನ ಉಲ್ಲಾಳದಲ್ಲಿದ್ದಾರೆ, ಅವರೇ ಅದರ ವಾರಸುದಾರರು. ಪತ್ರದ ಪ್ರತಿಯನ್ನು ಪ್ರಾಂಶುಪಾಲರಿಗೂ ಕಳಿಸಿದೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಉಲ್ಲಾಳಕ್ಕೆ ಹೋದೆ.

ಗೋವಿಂದಣ್ಣನಿಗೆ ಈಗ ಎಪ್ಪತ್ತರ ಹತ್ತಿರ. ಸಣ್ಣ ಮನೆ, ಮುಂದೆ ದಾಸವಾಳದ ಗಿಡ. ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದರು. ತಮ್ಮ ಹೆಸರಿನ ಹತ್ತಿರ ನಿಂತರು. ಎರಡನೇ ಸಲ ಓದಿದರು. ಮಾವ ನನ್ನ ಹೆಸರು ಬರ್ದಿದ್ರಾ, ಎಂದು ಕೇಳಿ ಕನ್ನಡಕ ತೆಗೆದು ಒರೆಸಿದರು. ಕಣ್ಣು ಒರೆಸಲಿಲ್ಲ.

ಆಮೇಲೆ ಅವರು ಹೇಳಿದ್ದು ಇದು. "ಗುಜರಿಯವ್ನು ಎಸೀದೆ ಯಾರಿಗೋ ಮುಟ್ಟಿಸಿದಾನೆ ನೋಡು. ನೀನು ಹುಡುಕಿ ಮ್ಯೂಸಿಯಂಗೆ ಸೇರಿಸ್ದೆ. ನನ್ನಿಂದ ಆಗದಿದ್ದುದ್ನ ನೀನು ಮಾಡ್ದೆ ಕಣಮ್ಮ."

ಇಲ್ಲ ಗೋವಿಂದಣ್ಣ, ನಾನೇ ಕದ್ದೆ, ಅಂದೆ. ಟ್ರಂಕು, ದುಪಟ್ಟಾ, ಬೀರು, ಹನ್ನೊಂದು ದಿನ — ಒಂದೂ ಬಿಡದೆ ಹೇಳಿದೆ. ಅವರು ತಲೆಯಾಡಿಸುತ್ತಾ ಕೇಳಿದರು, ಮಕ್ಕಳ ಹಟ ಕೇಳುವ ಹಾಗೆ.

"ನನ್ನ ಸಮಾಧಾನಕ್ಕೆ ಹೇಳ್ಬೇಡಮ್ಮ. ನಾನೇ ಹಾಕಿದ್ದು. ನೆನಪಿದೆ ನಂಗೆ. ಪೇಪರ್ ಮಧ್ಯ ಇಟ್ಟು, ಹುರಿ ಎರಡು ಸುತ್ತು ಸುತ್ತಿ, ಗಂಟು ಹಾಕಿದ್ದು — ಬಟ್ಟೆ ರಟ್ಟು ಕೈಗೆ ಒರಟಾಗಿ ತಾಗಿದ್ದೂ ನೆನಪಿದೆ."

ಅವರ ಕೈ ಗಾಳಿಯಲ್ಲಿ ಗಂಟು ಹಾಕಿ ತೋರಿಸಿತು. ಮೂವತ್ತು ವರ್ಷ ಲೇತಿನ ಮುಂದೆ ಒಂದು ನೂಲಿನೆಳೆಯಷ್ಟೂ ಅಳತೆ ತಪ್ಪದ ಕೈ. ಎಂದೂ ನಡೆಯದ ಕೆಲಸವನ್ನು ಆ ಕೈ ನನ್ನ ಕಣ್ಣೆದುರು ಮಾಡಿ ತೋರಿಸಿತು. ನಾನು ಹೇಳಿದ ಒಂದು ವಾಕ್ಯ ಇವರ ಒಳಗೆ ಇಳಿದು, ಬೆಳೆದು, ಇವರದೇ ನೆನಪಾಗಿ ಕೂತಿದೆ. ಅದನ್ನು ಯಾವ ಹಬೆ ಹಿಡಿದು ಬಿಡಿಸುವುದು? ನನಗೆ ಗೊತ್ತಿಲ್ಲ. ಪ್ರತಿ ಭಾನುವಾರ ಹೋಗಿ ಅದೇ ಮಾತು ಹೇಳುತ್ತೇನೆ, ಅವರು ನಂಬುವ ತನಕ. ಬರಹದಲ್ಲಿದ್ದರೆ ನಂಬಬಹುದೇನೋ ಎಂದು ಇದನ್ನು ಬರೆದೆ.

ಆ ಮೊದಲ ಭಾನುವಾರ ಯಶೋದಕ್ಕ ಅಷ್ಟೂ ಹೊತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಅವರು ನಂಬಿದ್ದರು. ಮುಖ ನೋಡಿದ ಕೂಡಲೇ ತಿಳಿಯಿತು. ಬೈಯಲಿಲ್ಲ, ಶಾಪ ಹಾಕಲಿಲ್ಲ. ಒಂದೇ ಒಂದು ಮಾತು ಕೇಳಿದರು.

"ಅವತ್ತು ಹಬ್ಬದ ದಿವ್ಸ ಹಾಗಂದ್ಮೇಲೆ, ನೀನು ನಮ್ಮನೇಲೇ ಊಟ ಮಾಡ್ಕೊಂಡು ಹೋದೆ, ಅಲ್ವಾ?"

ನನಗೆ ಅದು ನೆನಪೇ ಇರಲಿಲ್ಲ. ಅವರು ಕೇಳಿದ ಮೇಲೆ ಎಲ್ಲ ಬಂತು. ಅವತ್ತು ಆ ಮನೆಯಲ್ಲಿ ಯಾರೂ ಎಲೆಯ ಮುಂದೆ ಕೂರಲಿಲ್ಲ. ಹಬ್ಬದ ದಿನ ಮನೆಗೆ ಬಂದ ಹೆಣ್ಣುಮಗಳು ಹಸಿದು ಹೋಗಬಾರದೆಂದು ಯಶೋದಕ್ಕ ನನಗೊಬ್ಬಳಿಗೇ ಬಡಿಸಿದರು. ಗೋವಿಂದಣ್ಣ ಬಗ್ಗಿ ತುಪ್ಪ ಹಾಕಿದರು. ನಾನು ಇನ್ನೊಂದು ಒಬ್ಬಟ್ಟು ಕೇಳಿ ಹಾಕಿಸಿಕೊಂಡೆ.

"ಹೌದಕ್ಕ," ಅಂದೆ. "ಮಾಡ್ಕೊಂಡು ಹೋದೆ."